ಸೋರೆಯ ಹೀಚಿಗೆ ತೋರಿಸಿದ ಬೆರಳು

ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ತರಕಾರಿಯವನು, "ಯಾವ ಸೋರೆಕಾಯಿ ಬೇಕಕ್ಕ, ತೋರ್ಸಿ" ಅಂದ. ನನ್ನ ಬೆರಳು ತಾನಾಗಿಯೇ ಮಡಚಿಕೊಂಡಿತು.

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆ, ಬಚ್ಚಲ ನೀರಲ್ಲಿ ಬೆಳೆದ ನಮ್ಮ ಸೋರೆ ಬಳ್ಳಿ ಮೊದಲ ಹೀಚು ಬಿಟ್ಟಿತ್ತು. ಅತ್ತೆ ಬಂದಾಗ ಅದರದ್ದೇ ಸಾರು ಮಾಡಬೇಕೆಂದು ಅಜ್ಜಿಗೆ ಆಸೆ. "ಬೆಳ್ಳು ತೋರಿಸ್ಬ್ಯಾಡ ಕಣವ್ವ, ಕೊಳ್ತೋಯ್ತದೆ" ಅಂತ ನನಗೆ ಹೇಳಿದ್ದಳು.

ನಾನು ಗೆಳತಿಗೆ ಬೆರಳು ಮಾಡಿ ತೋರಿಸಿಯೇಬಿಟ್ಟೆ. ಆಮೇಲೆ ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಬಳ್ಳಿಯ ಹತ್ತಿರ ಓಡುತ್ತಿದ್ದೆ. ಮೂರನೇ ದಿನ ಹೀಚಿನ ತುದಿ ಹಳದಿಯಾಯಿತು. ಅವತ್ತು ಊಟ ಸೇರಲಿಲ್ಲ. ಐದನೇ ದಿನ ಅದು ಕೊಳೆತು ಉದುರಿತ್ತು.

ಅಜ್ಜಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಅಮ್ಮನಿಗೆ ಮೆಲ್ಲಗೆ ಹೇಳಿದಳು: "ತಪ್ಪು ನಂದೇ ಕಣವ್ವ. ಪಕ್ಕದ್ಮನೆಯವಳಿಗೆ ನಾನೇ ಬೆಳ್ಳು ತೋರಿಸ್ಬುಟ್ಟೆ."

ಬಾಗಿಲ ಹಿಂದಿನಿಂದ ನಾನು ಅದನ್ನು ಕೇಳಿಸಿಕೊಂಡೆ. ನಾನೂ ತೋರಿಸಿದ್ದೆ ಅಂತ ಅಜ್ಜಿ ಇರುವಷ್ಟು ದಿನವೂ ಅವಳಿಗೆ ಹೇಳಲಿಲ್ಲ.

"ಯಾವ್ದಕ್ಕ?" ತರಕಾರಿಯವನು ಮತ್ತೆ ಕೇಳಿದ.