ಮಾಸ್ಟ್ರಿಗೆ ಮುಟ್ಟಿಸದ ಸುದ್ದಿ

ಇದನ್ನು ಎಲ್ಲರೆದುರು ಹೇಳುವುದನ್ನು ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಅಪ್ಪ ಇದ್ದಷ್ಟು ದಿನ ಅವರಿಗೆ ಬೇಸರವಾದೀತು ಎಂದುಕೊಂಡೆ. ಅಪ್ಪ ಹೋದ ಮೇಲೆ ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ಈಗ ನೆಪಗಳೆಲ್ಲ ಮುಗಿದಿವೆ.

ಎಪ್ಪತ್ತರ ದಶಕದ ನಡುವಿನ ಮಾತು. ಕಾಪುವಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಹತ್ತನೇ ತರಗತಿಯಲ್ಲಿದ್ದೆ. ಕ್ಲಾಸಿಗೆ ಲೀಡರ್ ಕೂಡ. ಕಿಟಕಿ ತೆರೆದರೆ ಸಮುದ್ರ ಕಾಣುತ್ತಿರಲಿಲ್ಲ, ಆದರೆ ಅದರ ಸದ್ದು ದಿನವಿಡೀ ಇರುತ್ತಿತ್ತು. ಕನ್ನಡ ಕಲಿಸುತ್ತಿದ್ದ ಮಾಸ್ಟ್ರು ಶಿರ್ವದ ಕಡೆಯವರು, ಮನೆಮಾತು ಕೊಂಕಣಿ. ಕಾಲೇಜಿನಲ್ಲಿ ಅವರ ಕನ್ನಡ ಕೇಳಿ ಎಲ್ಲರೂ ನಕ್ಕಿದ್ದರಂತೆ. ತಮ್ಮ ಶಾಲೆಯ ಮಕ್ಕಳಿಗೆ ಹಾಗೆ ಆಗಬಾರದು ಎಂದು ಒಂದು ನಿಯಮ ಮಾಡಿದ್ದರು. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಮರದ ಬಿಲ್ಲೆಯೊಂದು ಇತ್ತು. ಶಾಲೆಯ ಆವರಣದಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತಾಡಿದವನ ಕೈಗೆ ಆ ಬಿಲ್ಲೆ. ಅವನು ಇನ್ನೊಬ್ಬ ಮಾತಾಡುವುದನ್ನು ಹಿಡಿದು ಅದನ್ನು ದಾಟಿಸಬೇಕು. ಕೊನೆಯ ಗಂಟೆಗೆ ಅದು ಯಾರಲ್ಲಿದೆಯೋ ಅವನ ಅಂಗೈಗೆ ಎರಡು ಪೆಟ್ಟು, ಪುಸ್ತಕದಲ್ಲಿ ಹೆಸರು. ಬಿಲ್ಲೆ ಇದ್ದವನು ನಡುವೆ ಮನೆಗೆ ಹೋದರೆ ಅದು ಕೊಟ್ಟವನಿಗೇ ವಾಪಸು.

ಒಮ್ಮೆ ಮಾಸ್ಟ್ರೇ ಮೀನು ಮಾರುವ ಹೆಂಗಸಿನ ಜೊತೆ ಗೇಟಿನಲ್ಲಿ ಕೊಂಕಣಿಯಲ್ಲಿ ಚೌಕಾಶಿ ಮಾಡಿ ಸಿಕ್ಕಿಬಿದ್ದರು. ಸಂಜೆ ಬಿಲ್ಲೆ ಹಿಡಿದು ನಮ್ಮೆದುರು ನಿಂತು ತಮ್ಮ ಅಂಗೈಗೆ ತಾವೇ ಎರಡು ಬಾರಿಸಿಕೊಂಡರು. ಅಂಥವರು. ತಪ್ಪಿಲ್ಲದೆ ನಾಲ್ಕು ಸಾಲು ಬರೆಯಲು, ಎದ್ದು ನಿಂತು ಅಳುಕದೆ ಮಾತಾಡಲು ನನಗೆ ಕಲಿಸಿದವರು ಅವರೇ. ಆ ವರ್ಷ ಉಡುಪಿಯ ಭಾಷಣ ಸ್ಪರ್ಧೆಗೆ ನನ್ನನ್ನು ಆರಿಸಿದ್ದರು. ಷರತ್ತು ಒಂದೇ: ಅಲ್ಲಿಯವರೆಗೆ ಪುಸ್ತಕದಲ್ಲಿ ಹೆಸರು ಬರಬಾರದು.

ಆಗಸ್ಟ್ ಕೊನೆಯ ಒಂದು ದಿನ ಬೆಳಿಗ್ಗೆ ಜಗಲಿ ಹತ್ತಿದ ನಾಯಿಯನ್ನು ನಾನು "ಪೋಲ!" ಎಂದು ತುಳುವಿನಲ್ಲಿ ಗದರಿದೆ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಬಿಲ್ಲೆ ಚಾಚಿ, "ಎಂತ ಲೀಡರೇ, ನಾಯಿಗೆ ಕನ್ನಡ ಬರುದಿಲ್ವಾ?" ಎಂದು ನಕ್ಕಳು. ಮಧ್ಯಾಹ್ನದವರೆಗೂ ಯಾರೂ ನನಗೆ ಸಿಗಲಿಲ್ಲ.

ಊಟಕ್ಕೆ ಮನೆಗೆ ಹೋದೆ. ರಸ್ತೆ ಬದಿಯಲ್ಲಿ ನಮ್ಮದು ಸಣ್ಣ ಜಿನಸಿ ಅಂಗಡಿ. ಅಂಗಡಿಯೆದುರು ಜನ ಸೇರಿದ್ದರು, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಪ್ಪ ನನ್ನ ಭುಜ ಹಿಡಿದು ಹೇಳಿದರು: "ಊಟ ಮತ್ತೆ ಮಾಡು, ಈಗ ಶಾಲೆಗೆ ಓಡು. ದೋಣಿ ಮಗುಚಿದೆ. ನಿನ್ನ ಬೆಂಚಿನವನ ಅಪ್ಪನನ್ನು ದಡಕ್ಕೆ ತಂದಿದ್ದಾರೆ, ಉಸಿರು ಉಂಟು. ಮಣಿಪಾಲಕ್ಕೆ ಕಾರಿನಲ್ಲಿ ಕೊಂಡು ಹೋಗ್ತಾರೆ. ಮಗನನ್ನೇ ಕೇಳ್ತಾ ಇದ್ದಾರಂತೆ. ಮಾಸ್ಟ್ರಿಗೆ ಹೇಳಿ ಅವನನ್ನು ಕರ್ಕೊಂಡು ಬಾ. ಕಾರು ಬರ್ಲಿಕ್ಕೆ ಒಂದು ಗಂಟೆ ಉಂಟು, ಬಂದ ಮೇಲೆ ಹೆಚ್ಚು ಕಾಯ್ಲಿಕ್ಕಿಲ್ಲ."

ನಾನು ಓಡಿದೆ. ಅದು ಸುಳ್ಳಲ್ಲ, ನಿಜವಾಗಿ ಓಡಿದೆ. ಶಾಲೆಯ ಹಿಂದಿನ ಬಾವಿಕಟ್ಟೆಯಲ್ಲಿ ನನ್ನ ಬೆಂಚಿನ ಗೆಳೆಯ ಒಬ್ಬನೇ ಕೂತಿದ್ದ. ಅಪ್ಪನ ದೋಣಿ ಬೆಳಿಗ್ಗೆ ಬರಬೇಕಿತ್ತು, ಬಂದಿಲ್ಲ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಅವನನ್ನು ಕಂಡ ಕೂಡಲೇ ನನ್ನ ಕೈ ಜೇಬಿನೊಳಗೆ ಹೋಯಿತು.

"ನಿನ್ನ ಅಪ್ಪನ ದೋಣಿ ಬಂತಾ?" ಎಂದು ಕೇಳಿದೆ.

"ಬೈದಿಜಿ," ಎಂದ, ಬಂದಿಲ್ಲ ಎಂದು ತುಳುವಿನಲ್ಲಿ, ತಿರುಗಿ ನೋಡದೆ.

ನಾನು ಬಿಲ್ಲೆಯನ್ನು ಅವನ ಮಡಿಲಲ್ಲಿಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. "ಇವತ್ತೂ ಎಂತ ಆಟ ಮಾರಾಯ?" ಎಂದ, ಕನ್ನಡದಲ್ಲಿಯೇ.

ಗಂಟೆ ಹೊಡೆಯಿತು. ಈಗ ಸುದ್ದಿ ಹೇಳಿದರೆ ಅವನು ಹೋಗುತ್ತಾನೆ, ಬಿಲ್ಲೆ ನನಗೆ ವಾಪಸು ಬರುತ್ತದೆ. ಈ ಪೀರಿಯಡ್ ಮುಗಿಯಲಿ ಎಂದುಕೊಂಡೆ. ಅದು ಮುಗಿಯಿತು. ಇನ್ನೊಂದು ಮುಗಿಯಲಿ ಎಂದುಕೊಂಡೆ. ಸಮುದ್ರದ ಸದ್ದು ಕ್ಲಾಸಿನೊಳಗೇ ಬಂದು ಕೂತ ಹಾಗೆ ಕೇಳುತ್ತಿತ್ತು. ಹೆದ್ದಾರಿಯಲ್ಲಿ ಒಂದು ಕಾರು ಹಾರನ್ ಹಾಕಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ, ಉದ್ದಕ್ಕೆ. ಆಮೇಲೆ ಇಲ್ಲ.

ಮಾಸ್ಟ್ರು ಪಾಠ ನಿಲ್ಲಿಸಿ ನನ್ನತ್ತ ನೋಡಿದರು. "ಎಂತ, ಬೆವರ್ತಾ ಇದ್ದಿ? ಹುಷಾರಿಲ್ವಾ?"

"ಹುಷಾರುಂಟು ಸರ್."

ಕೊನೆಯ ಗಂಟೆಗೆ ಬಿಲ್ಲೆ ಯಾರಲ್ಲಿ ಎಂದು ಕೇಳಿದಾಗ ಅವನು ಎದ್ದು ನಿಂತ. ಎರಡು ಪೆಟ್ಟು ಬಿತ್ತು. "ನಿನ್ನ ಕೈ ಯಾಕೆ ಇಷ್ಟು ತಣ್ಣಗೆ ಉಂಟು?" ಎಂದು ಮಾಸ್ಟ್ರು ಕೇಳಿದರು. ಪುಸ್ತಕದಲ್ಲಿ ಅವನ ಹೆಸರು ಬರೆದು ಮುಗಿಸುವವರೆಗೆ ಕಾದು ನಾನು ಎದ್ದೆ.

"ಸರ್, ಇವನನ್ನು ಮನೆಗೆ ಕಳಿಸ್ಬೇಕಂತೆ. ದೋಣಿ ಮಗುಚಿದೆಯಂತೆ."

"ಯಾರು ಹೇಳಿದ್ದು? ಯಾವಾಗ?"

"ಈಗ ಸರ್. ರಸ್ತೆಯಲ್ಲಿ ಯಾರೋ ಕೂಗಿ ಹೇಳಿದ್ರು."

ನನ್ನ ಮಾತು ಮುಗಿಯುವ ಮೊದಲೇ ಅವನು ಓಡಿದ್ದ. ಕಾರು ಹೋಗಿ ತುಂಬ ಹೊತ್ತಾಗಿತ್ತು. ಉಡುಪಿ ದಾಟುವಷ್ಟರಲ್ಲಿ ಅವನ ಅಪ್ಪನ ಉಸಿರು ನಿಂತಿತಂತೆ. ಅಲ್ಲಿಯವರೆಗೂ ಮಗ ಬಂದನಾ ಎಂದು ಕೇಳುತ್ತಲೇ ಇದ್ದರಂತೆ.

ಆ ಸಂಜೆ ಅಪ್ಪ ನನ್ನನ್ನು ಕೇಳಿದರು: "ನೀನು ಹೇಳಿದ್ದಿ ಅಲ್ವಾ?"

"ಹೇಳಿದ್ದೆ. ಮಾಸ್ಟ್ರು ಬಿಡ್ಲಿಲ್ಲ."

ಅಷ್ಟೇ ಸಾಕಾಯಿತು. ಮೂರನೇ ದಿನ ಗೆಳೆಯನ ಚಿಕ್ಕಪ್ಪ ಏಳೆಂಟು ಜನರೊಂದಿಗೆ ಶಾಲೆಗೆ ಬಂದರು. ಹಾಜರಿ ಪುಸ್ತಕ ಹಿಡಿದು ನಾನು ಬಾಗಿಲಲ್ಲೇ ನಿಂತಿದ್ದೆ.

"ಮಾಸ್ಟ್ರೇ, ಮಧ್ಯಾಹ್ನವೇ ಅಂಗಡಿಯಿಂದ ಹೇಳಿ ಕಳಿಸಿದ್ದಾರೆ. ನೀವು ಬಿಡ್ಲಿಲ್ಲ. ಮೇಲಿಂದ ಹುಡುಗನಿಗೆ ಹೊಡೆದದ್ದೂ ಹೌದಲ್ವಾ?"

"ಅಂಗಡಿಯಿಂದ?" ಎಂದರು ಮಾಸ್ಟ್ರು. ನಿಧಾನಕ್ಕೆ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ. ಅವರು ಮತ್ತೆ ಆ ಜನರ ಕಡೆ ತಿರುಗಿ, "ಹೌದು, ನನ್ನಿಂದ ತಪ್ಪಾಯಿತು," ಎಂದರು.

ಅಂದಿನಿಂದ ಬಿಲ್ಲೆಯೂ ಇಲ್ಲ, ಬೆತ್ತವೂ ಇಲ್ಲ. ಬಸ್ಸಿನಲ್ಲಿ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲ. "ಹೆಣ ಬೀಳುವವರೆಗೆ ಪಾಠ ಮಾಡ್ತಾರೆ, ಜಾಗ್ರತೆ," ಎಂದು ಕಟ್ಟೆಯ ಮೇಲಿನವರು ಅವರಿಗೆ ಕೇಳುವ ಹಾಗೇ ಆಡಿಕೊಳ್ಳುತ್ತಿದ್ದರು. ಹಾಗಿದ್ದೂ ಅವರು ನನ್ನನ್ನು ಉಡುಪಿಯ ಸ್ಪರ್ಧೆಗೆ ಕರೆದುಕೊಂಡು ಹೋದರು. ನನಗೆ ಎರಡನೇ ಬಹುಮಾನ ಬಂತು. ಹಿಂದೆ ಬರುವಾಗ ಬಸ್ಸಿನ ಕಿಟಕಿಯಾಚೆ ನೋಡುತ್ತಾ, "ನಿನಗೆ ನನ್ನಲ್ಲಿ ಎಂತಾದರೂ ಹೇಳ್ಲಿಕ್ಕುಂಟಾ?" ಎಂದು ಕೇಳಿದರು.

"ಇಲ್ಲ ಸರ್."

ವರ್ಷದ ಕೊನೆಗೆ ತಾವಾಗಿ ಕೇಳಿಕೊಂಡು ಕಾರ್ಕಳದ ಕಡೆಯ ಶಾಲೆಯೊಂದಕ್ಕೆ ಹೋದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿಯಲ್ಲಿ ಕೂತೆ.

ಎಂಬತ್ತರ ದಶಕದಲ್ಲಿ ಆ ಗೆಳೆಯ ಬೊಂಬಾಯಿಯಿಂದ ರಜೆಗೆ ಬಂದಾಗ ಅವನಲ್ಲಿ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವನು ಹೊಡೆಯಲಿಲ್ಲ, ಅಳಲೂ ಇಲ್ಲ. "ಊರೆಲ್ಲ ಉಗಿದದ್ದು ಅವರ ಮುಖಕ್ಕೆ. ನನ್ನ ಅಮ್ಮ ಈಗಲೂ ಅವರಿಗೇ ಶಾಪ ಹಾಕ್ತಾಳೆ. ಅಲ್ಲಿಗೆ ಹೋಗು ಮಾರಾಯ, ಇಲ್ಲಿ ಎಂತ ಮಾಡ್ತಿ?" ಎಂದ. ಮತ್ತೆ ನನ್ನ ಹತ್ತಿರ ಮಾತಾಡಲಿಲ್ಲ.

ಹೋದೆ. ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸು ಹಿಡಿದು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಾ ಹೋದೆ. ಮಾಸ್ಟ್ರು ನಿವೃತ್ತರಾಗಿದ್ದರು, ತುಂಬ ಬಡಕಲಾಗಿದ್ದರು. "ನನ್ನ ಲೀಡರ್ ಬಂದಿದ್ದಾನೆ!" ಎಂದು ಒಳಗೆ ಕೂಗಿದರು. ಹೆಂಡತಿ ಚಹಾ ತಂದುಕೊಟ್ಟು ಹೋದರು. ಮಾಸ್ಟ್ರು ಅಂಗಡಿಯ ಬಗ್ಗೆ ಕೇಳಿದರು, ಅಪ್ಪನ ಬಗ್ಗೆ ಕೇಳಿದರು. ಆಮೇಲೆ, "ಆ ಹುಡುಗ ಹೇಗಿದ್ದಾನೆ?" ಎಂದರು.

"ಬೊಂಬಾಯಿಯಲ್ಲಿದ್ದಾನೆ ಸರ್. ಚೆನ್ನಾಗಿದ್ದಾನೆ."

ಅವರು ಮತ್ತೇನೂ ಕೇಳದೆ ಕಾದರು. ನಾನು ಚಹಾದ ಲೋಟ ನೋಡುತ್ತಾ ಕೂತೆ. ಎದ್ದು ನಿಂತಾಗ ಅವರು ಹೇಳಿದರು: "ಬಸ್ಸು ಐದೂ ಕಾಲಿಗೆ ಉಂಟು. ಅದು ಹೋದರೆ ಇನ್ನೊಂದೂ ಉಂಟು. ಅವಸರ ಇಲ್ಲ."

ನಾನು ಐದೂ ಕಾಲಿನ ಬಸ್ಸು ಹತ್ತಿದೆ.

ಮುಂದಿನ ಮಳೆಗಾಲಕ್ಕೆ ಅವರು ತೀರಿಕೊಂಡರು. ಕಾಪುವಿನಿಂದ ಯಾರೂ ಹೋಗಲಿಲ್ಲ. ಹೋಗಲು ಊರಿನವರಿಗೆ ಕಾರಣವೂ ಇರಲಿಲ್ಲ. ಹೋಗಬೇಕಾದ ಕಾರಣ ಗೊತ್ತಿದ್ದ ನಾನು ಅಂಗಡಿಯಲ್ಲಿ ಕೂತು ಅಕ್ಕಿ ಅಳೆಯುತ್ತಿದ್ದೆ. ಗೆಳೆಯನಲ್ಲಿ ಕ್ಷಮೆ ಕೇಳಿದ್ದೇನೆ, ಅಪ್ಪನಲ್ಲಿಯೂ ಅವರ ಕೊನೆಗಾಲದಲ್ಲಿ ಕೇಳಿದ್ದೇನೆ. ಕೇಳದೆ ಉಳಿದದ್ದು ಒಬ್ಬರಲ್ಲಿ. ಅವರು ನನ್ನ ಕನ್ನಡ ಮಾಸ್ಟ್ರು.