ಕೆಂಚಮ್ಮನ ಬುಟ್ಟಿ

ಕಾದ ಮರಳಿಗೆ ಉಪ್ಪು ಹಚ್ಚಿದ ಅಕ್ಕಿ ಬಿದ್ದಾಗ ಏಳುವ ವಾಸನೆ ಎಲ್ಲಿಯಾದರೂ ಮೂಗಿಗೆ ತಾಗಿದರೆ ಸಾಕು, ದಾವಣಗೆರೆಯ ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ, ಮಂಡಕ್ಕಿ ಭಟ್ಟಿಯ ಎದುರು, ಲಂಗದ ತುದಿಯಲ್ಲಿ ಮುಖ ಒರೆಸಿಕೊಳ್ಳುತ್ತ ನಿಂತಿರುತ್ತೇನೆ. ದೊಡ್ಡಪ್ಪ ಒಲೆಗೆ ಭತ್ತದ ಹೊಟ್ಟು ಹಾಕುತ್ತಿದ್ದ. ದೊಡ್ಡಮ್ಮ ಬಾಣಲೆಯ ಮುಂದೆ ಕುಳಿತು ಒಂದಿಷ್ಟು ಅಕ್ಕಿ ಸುರಿದು, ಕಡ್ಡಿಗಳ ಕಟ್ಟಿನಿಂದ ಸರಸರ ಆಡಿಸಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆ ತುಂಬ ಬೆಳ್ಳಗೆ ಅರಳುತ್ತಿತ್ತು. ಎಷ್ಟು ಸಲ ನೋಡಿದರೂ ನನಗೆ ಬೆರಗೇ.

ಅದಕ್ಕಿಂತ ದೊಡ್ಡ ಬೆರಗು ಗೋಡೆಗೆ ಸಾಲಾಗಿ ಇಟ್ಟಿರುತ್ತಿದ್ದ ಬುಟ್ಟಿಗಳದು. ಪಕ್ಕದ ಹದಡಿ ಹಳ್ಳಿಯ ಕೆಂಚಮ್ಮ ಮತ್ತು ಅವಳಂಥ ಕೆಲವು ಹೆಂಗಸರು ನಮ್ಮಲ್ಲಿ ಮಂಡಕ್ಕಿ ತುಂಬಿಸಿಕೊಂಡು ಓಣಿ ಓಣಿ ತಿರುಗಿ ಮಾರುತ್ತಿದ್ದರು. ಹಿಂದಿನ ಸಂಜೆ ಖಾಲಿ ಬುಟ್ಟಿ ಇಟ್ಟುಹೋದರೆ ಸಾಕು, ಬೆಳಗ್ಗೆ ಮೊದಲು ತುಂಬುವುದು ಅವೇ; ಉಳಿದದ್ದು ಅಂಗಡಿಯವರಿಗೆ, ಮದುವೆ ಮನೆಯವರಿಗೆ. ಕೆಂಚಮ್ಮ ತಡಮಾಡಿದ ದಿನ, ಸಾಹುಕಾರರು ಅವಳ ತುಂಬಿದ ಬುಟ್ಟಿಯನ್ನೇ ನೋಡುತ್ತ ಬರಿಗೈಯಲ್ಲಿ ಹೋದದ್ದುಂಟು. ಇನ್ನಷ್ಟು ಹುರಿಯಬಾರದೇ ಎನ್ನುತ್ತೀರಿ. ಭತ್ತ ನೆನೆಯಬೇಕು, ಬೇಯಬೇಕು, ಒಣಗಬೇಕು. ಅವಸರ ಮಾಡಿದರೆ ಅಕ್ಕಿ ಅರಳದೆ ಹಲ್ಲಿಗೆ ಕಲ್ಲಾಗುತ್ತದೆ.

ಹರಿಹರದಲ್ಲಿ ಕಾರ್ಖಾನೆ ಏಳುತ್ತಿದ್ದ ಕಾಲ. ಅಲ್ಲಿನ ಕೂಲಿಯವರಿಗೆ ತಿಂಡಿ ಒದಗಿಸುತ್ತಿದ್ದ ಗುತ್ತಿಗೆದಾರರೊಬ್ಬರು ಬಂದು, ನಮ್ಮ ಮಂಡಕ್ಕಿಯನ್ನೆಲ್ಲ ದಿನವೂ ತಾವೇ ಕೊಳ್ಳುವುದಾಗಿ, ಇನ್ನೊಂದು ಭಟ್ಟಿ ಹಾಕಲು ನೆರವಾಗುವುದಾಗಿ ಹೇಳಿದರು. ಸೋರುವ ಮಾಡಿನ ಕೆಳಗೆ ನಿಂತಿದ್ದ ದೊಡ್ಡಪ್ಪನ ಮುಖ ಅರಳಿತು. ದೊಡ್ಡಮ್ಮ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ.

“ಬುಟ್ಟಿ ತುಂಬಿದ ಮ್ಯಾಲೆ ಉಳಿದಿದ್ದೆಲ್ಲ ನಿಮ್ದೇರಿ. ಅದಕ್ಕ ಮೊದ್ಲು ಕೇಳಬ್ಯಾಡ್ರಿ.”

ಕೊಟ್ಟರೆ ಎಲ್ಲವನ್ನೂ ಕೊಡಿ, ಇಲ್ಲವಾದರೆ ಏನೂ ಬೇಡ ಎಂದು ಅವರು ಎದ್ದರು. ದೊಡ್ಡಪ್ಪ ದೊಡ್ಡಮ್ಮನನ್ನು ಅಂಗಲಾಚಿದ. ಹೊಸ ಭಟ್ಟಿ ಆಗುವವರೆಗೆ ಬುಟ್ಟಿಯವರು ಸುಮ್ಮನಿರಲಿ, ಆಮೇಲೆ ಎಲ್ಲರಿಗೂ ಸಾಕಾಗುತ್ತದೆ ಎಂದ.

“ಅಲ್ಲೀತನ ಅವ್ರು ಏನು ತಿನ್ಬೇಕು?” ಎಂದಳು ದೊಡ್ಡಮ್ಮ.

ಗುತ್ತಿಗೆದಾರರು ಹಿಂದಿನ ಓಣಿಯ ಭಟ್ಟಿಗೆ ಹೋದರು. ಅದು ಬೆಳೆಯಿತು, ಆ ಮನೆಗೆ ತಾರಸಿ ಬಂತು. ನಮ್ಮದು ಒಂದೇ ಒಲೆಯಲ್ಲಿ ಉಳಿಯಿತು, ಮಾಡು ಸೋರುತ್ತಲೇ ಇತ್ತು. ದೊಡ್ಡಪ್ಪ ಬಹಳ ದಿನ ಮುಖ ಗಂಟಿಕ್ಕಿಕೊಂಡೇ ಹೊಟ್ಟು ಹಾಕಿದ. ಇಷ್ಟೆಲ್ಲ ಕಳೆದುಕೊಂಡೂ ಈಕೆ ಹೇಗೆ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾಳೆ ಎಂದು ನಾನು ಮಲಗಿದ ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಒಂದು ಬೆಳಗ್ಗೆ, ಬುಟ್ಟಿಗಳನ್ನು ತುಂಬಿ ಕಳಿಸಿ, ಉಳಿದದ್ದನ್ನು ಅಂಗಡಿಯವರಿಗೆ ಕೊಟ್ಟು, ದೊಡ್ಡಮ್ಮ ಭಟ್ಟಿಯ ಪಕ್ಕದಲ್ಲೇ ಒರಗಿದವಳು ಮತ್ತೆ ಏಳಲಿಲ್ಲ. ಶವದ ಮುಂದೆ ದಾರಿಯುದ್ದಕ್ಕೂ ಮಂಡಕ್ಕಿ ಎರಚುವುದು ನಮ್ಮ ಕಡೆಯ ಪದ್ಧತಿ. ಮಂಡಕ್ಕಿ ಮನೆಯಲ್ಲೇ ಅಂದು ಒಂದು ಹಿಡಿ ಮಂಡಕ್ಕಿ ಇರಲಿಲ್ಲ. ಹಿಂದಿನ ಓಣಿಯಿಂದಲೇ ತರಿಸೋಣ ಎಂದು ದೊಡ್ಡಪ್ಪ ಹೊಸಿಲು ದಾಟಿದ. ಅಷ್ಟರಲ್ಲಿ, ಮಾರಲು ಹೋಗಿದ್ದ ಹೆಂಗಸರು ಸುದ್ದಿ ಕೇಳಿ ಅರ್ಧ ದಾರಿಯಿಂದಲೇ ತಿರುಗಿ ಬರುತ್ತಿದ್ದರು. ಮುಂದೆ ಕೆಂಚಮ್ಮ. ಓಣಿಯ ತುದಿಯ ಮನೆಯಾಕೆ ಏನೂ ತಿಳಿಯದೆ ಪಾತ್ರೆ ಹಿಡಿದು ಅವಳನ್ನು ಕರೆದಳು.

“ಇವತ್ತು ಮಾರಂಗಿಲ್ಲವ್ವ,” ಎಂದಳು ಕೆಂಚಮ್ಮ. “ಇದು ಅಮ್ಮಾರ್ದು.”

ಅವಳು ಬುಟ್ಟಿಯನ್ನು ಬಾಗಿಲಲ್ಲಿ ಇಳಿಸಿದಳು. ದೊಡ್ಡಪ್ಪ ಬಗ್ಗಿ ಒಂದು ಹಿಡಿ ತುಂಬಿಕೊಂಡ. ಎಲ್ಲರೂ ಹೊರಡಲು ಸಿದ್ಧರಾಗಿದ್ದರೂ ಅವನು ಅದನ್ನು ಎರಚಲಾರದೆ, ಮುಷ್ಟಿ ಬಿಗಿಹಿಡಿದು ಅಲ್ಲೇ ನಿಂತಿದ್ದ.