ಮೂರನೇ ಹಂತದ ಶೀರ್ಷಿಕೆ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಹೆಡ್ಡಿಂಗಮ್ಮ ಅನ್ನುತ್ತಿದ್ದರು. ಪುಸ್ತಕಗಳನ್ನು ಮೊಬೈಲಿನಲ್ಲಿ ಓದುವ ಹಾಗೆ ಇ-ಪುಸ್ತಕ ಮಾಡಿಕೊಡುವ ಸಣ್ಣ ಆಫೀಸು ಅದು. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಇವರ ನಾಲ್ಕು ಮೇಜು. ಲೇಖಕರು ಕಳಿಸಿದ ಬರಹದಲ್ಲಿ ಯಾವುದು ಅಧ್ಯಾಯ, ಯಾವುದು ಅದರೊಳಗಿನ ಉಪಶೀರ್ಷಿಕೆ, ಯಾವುದು ಅದಕ್ಕೂ ಒಳಗಿನದು ಎಂದು ಗುರುತು ಹಚ್ಚುವುದು ಅವಳ ಕೆಲಸ. ಬಹಳಷ್ಟು ಲೇಖಕರು ಅಕ್ಷರವನ್ನು ದಪ್ಪ ಮಾಡಿ, ದೊಡ್ಡದು ಮಾಡಿ, ಅದನ್ನೇ ಶೀರ್ಷಿಕೆ ಅಂದುಕೊಂಡಿರುತ್ತಾರೆ. ಕಾಗದದ ಮೇಲೆ ಅದು ನಡೆಯುತ್ತದೆ. ಮೊಬೈಲಿಗೆ ದಪ್ಪವೂ ಒಂದೇ, ಸಣಕಲೂ ಒಂದೇ. ಇದು ಒಂದನೇ ಹಂತ, ಇದು ಎರಡನೆಯದು, ಇದು ಮೂರನೆಯದು ಎಂದು ಒಳಗೆ ಹೇಳಿಕೊಟ್ಟರೆ ಮಾತ್ರ ಪರಿವಿಡಿ ತಾನಾಗಿ ಮೂಡುತ್ತದೆ, ಓದುವವರು ಬೆರಳಿಟ್ಟ ಕಡೆಗೆ ಹೋಗಿ ನಿಲ್ಲುತ್ತಾರೆ. ಯಾರಾದರೂ ಒಂದರಿಂದ ನೇರ ಮೂರಕ್ಕೆ ಹಾರಿದ್ದರೆ ಹೆಡ್ಡಿಂಗಮ್ಮ ಬಿಡುತ್ತಿರಲಿಲ್ಲ. ಮಗನೇ ಇಲ್ಲದೆ ಮೊಮ್ಮಗ ಎಲ್ಲಿಂದ ಬಂದ ಎಂದು ಕೇಳುತ್ತಿದ್ದಳು.

ಅವಳ ಅತ್ತೆ ಹಾಸಿಗೆ ಹಿಡಿದು ಕೆಲವು ವರ್ಷವಾಗಿತ್ತು. ಆ ವರ್ಷಗಳಲ್ಲಿ ಅವಳು ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದ್ದಳು. ಅತ್ತೆಗೂ ಅವಳಿಗೂ ಹಾಲು ಸಕ್ಕರೆಯ ನಂಟೇನಲ್ಲ, ಹಾವು ಮುಂಗುಸಿಯದೂ ಅಲ್ಲ. ಇಬ್ಬರೂ ತಮ್ಮ ತಮ್ಮ ಪಾಡಿಗೆ ಒಂದೇ ಕೋಣೆಯಲ್ಲಿದ್ದರು, ಅಷ್ಟೆ. ಒಂದು ಬೆಳಿಗ್ಗೆ ಅವಳು ಬೋಗುಣಿ ತೊಳೆದು ಬರುವಷ್ಟರಲ್ಲಿ ಅತ್ತೆ ಹೋಗಿಬಿಟ್ಟಿದ್ದರು.

ಆಮೇಲೆ ಅವಳು ಮತ್ತೆ ಆಫೀಸಿಗೆ ಬರತೊಡಗಿದಳು. ಜನ ಅವಳ ಮುಖ ನೋಡಿ ಏನೋ ಹುಡುಕುತ್ತಿದ್ದರು. ಕೆಲವರಿಗೆ ಅಳು ಬೇಕಿತ್ತು, ಕೆಲವರಿಗೆ ಹೊರೆ ಇಳಿದ ನಿಟ್ಟುಸಿರು. ಅವಳ ಹತ್ತಿರ ಎರಡೂ ಇರಲಿಲ್ಲ. ನಾದಿನಿ ದಿನವೂ ಫೋನ್ ಮಾಡಿ ಅಮ್ಮನನ್ನು ನೆನೆದು ಬಿಕ್ಕುವಾಗ ಇವಳು ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು, ತರಕಾರಿ ಹೆಚ್ಚುತ್ತಾ ಹ್ಞೂಂಗುಟ್ಟುತ್ತಿದ್ದಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನಪಾಗುತ್ತಿರಲಿಲ್ಲ, ಬಾಯಿಗಿಟ್ಟುಕೊಂಡರೂ ತಿಳಿಯುತ್ತಿರಲಿಲ್ಲ. ಗಂಡ ಕೆಲಸದಿಂದ ಬಂದು ಟಿವಿ ಮುಂದೆ ಕೂತರೆ ಏಳುತ್ತಿರಲಿಲ್ಲ. ಗಂಡ ಹೆಂಡತಿ ಮಾತಾಡುತ್ತಿದ್ದದ್ದು ಕರೆಂಟ್ ಬಿಲ್ಲು, ಕೆಟ್ಟ ನಲ್ಲಿ, ಇಂಥವನ್ನೇ.

ಹೀಗಿರುವಾಗ ಆಫೀಸಿನ ಯಜಮಾನರು ಅವಳಿಗೊಂದು ಪುಸ್ತಕ ಕೊಟ್ಟರು. ನಿವೃತ್ತ ನರ್ಸೊಬ್ಬರು ಬರೆದದ್ದು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ ಎಂಬ ಬಗ್ಗೆ. ಕೊಟ್ಟ ಮೇಲೆ ಅವರಿಗೆ ಹೊಳೆದು, ನಾಲಗೆ ಕಚ್ಚಿಕೊಂಡು, ಬೇಡವಾದರೆ ಬೇರೆಯವರಿಗೆ ಕೊಡುತ್ತೇನೆ ಅಂದರು. ಪರವಾಗಿಲ್ಲ, ಕೊಡಿ ಅಂದಳು ಅವಳು. ನಿಜಕ್ಕೂ ಅವಳಿಗೆ ಏನೂ ಅನ್ನಿಸಿರಲಿಲ್ಲ.

ಬರಹ ಕಗ್ಗಂಟಾಗಿತ್ತು. ಶೀರ್ಷಿಕೆಗಳೆಲ್ಲ ದಪ್ಪ ಅಕ್ಷರದಲ್ಲಿ, ಅಲ್ಲಲ್ಲಿ ನೀಲಿ ಬಣ್ಣದಲ್ಲಿ. ಅವಳು ಒಂದೊಂದನ್ನೇ ಬಿಡಿಸಿದಳು. ‘ದಿನದ ಕೆಲಸಗಳು’ ಅಧ್ಯಾಯ. ಅದರೊಳಗೆ ‘ಶುಚಿ’, ‘ಊಟ’, ‘ಪಕ್ಕ ಕೂರುವುದು’. ಶುಚಿಯೊಳಗೆ ‘ಮಗ್ಗುಲು ಬದಲಿಸುವುದು’, ‘ಉಗುರು ಕತ್ತರಿಸುವುದು’. ಪಕ್ಕ ಕೂರುವುದರೊಳಗೆ ‘ಓದಿ ಹೇಳುವುದು’, ‘ಕೈ ಹಿಡಿಯುವುದು’, ‘ಉಸಿರು ನಿಲ್ಲುವಾಗ’. ಇಲ್ಲಿ ಅವಳ ಕೈ ನಿಂತಿತು. ಇಷ್ಟು ದೊಡ್ಡ ವಿಷಯ ಮೂರನೇ ಹಂತದಲ್ಲಿ, ಉಗುರಿನ ಸಾಲಿನಲ್ಲಿ ಇರಬಾರದು, ಬರೆದವರು ತಪ್ಪಿರಬೇಕು ಅಂದುಕೊಂಡಳು. ಅದನ್ನು ಎತ್ತಿ ಪುಸ್ತಕದ ಕೊನೆಗೆ ಬೇರೆಯೇ ಅಧ್ಯಾಯ ಮಾಡಿ, ಒಂದು ಪ್ರತಿಯನ್ನು ನರ್ಸಿಗೆ ಕಳಿಸಿದಳು.

ನರ್ಸು ಫೋನ್ ಮಾಡಲಿಲ್ಲ, ಖುದ್ದಾಗಿ ಬಂದರು. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವವರೆಗೆ ಸುಮ್ಮನೆ ಕೂತು, ನಂತರ ಪರದೆಯ ಮೇಲೆ ಬೆರಳಿಟ್ಟರು.

“ಇದನ್ನ ಯಾಕಮ್ಮ ಕೊನೇಗೆ ಹಾಕಿದೆ?”

“ಅದು ಕೊನೇದೇ ಅಲ್ವಾ ಸಿಸ್ಟರ್?”

“ಕೊನೇ ಅಧ್ಯಾಯ ಅಂದ್ರೆ ಯಾರೂ ತೆಗೆಯಲ್ಲ. ಇನ್ನೂ ಟೈಮ್ ಇದೆ ಅಂತ ಮುಂದಕ್ಕೆ ಹಾಕ್ತಾರೆ. ಆಮೇಲೆ ಬೇಕಾದಾಗ ಒಂದು ಕೈಯಲ್ಲಿ ರೋಗೀನ ಹಿಡ್ಕೊಂಡು, ಇನ್ನೊಂದು ಕೈಲಿ ಫೋನಲ್ಲಿ ಹುಡುಕ್ತಾ ಕೂರಬೇಕಾಗುತ್ತೆ. ದಿನದ ಕೆಲಸದೊಳಗೇ ಇರ್ಲಿ. ಕೈ ಹಿಡಿಯೋದು ಓದಿದವರು ಮುಂದಿನದನ್ನೂ ಓದ್ತಾರೆ.”

ಅವಳು ತಲೆಯಾಡಿಸಿ ಅದನ್ನು ಮತ್ತೆ ಮೂರನೇ ಹಂತಕ್ಕೆ ಇಳಿಸಿದಳು. ನಾಲ್ಕು ಕೀಲಿ ಒತ್ತುವಷ್ಟೇ ಕೆಲಸ. ಪರಿವಿಡಿ ಮತ್ತೆ ಮೂಡಿತು. ಅದನ್ನು ನೋಡುತ್ತಾ, ನಲ್ಲಿ ರಿಪೇರಿಯ ಮಾತಾಡುವ ದನಿಯಲ್ಲಿ, ಅವಳು ಅತ್ತೆಯ ವಿಷಯ ಹೇಳಿದಳು. ತಾನಾಗ ಬೋಗುಣಿ ತೊಳೆಯುತ್ತಿದ್ದದ್ದು, ಬಂದು ನೋಡಿದ್ದು, ಅವತ್ತಿನಿಂದ ಒಂದು ಹನಿಯೂ ಬಾರದಿದ್ದದ್ದು.

“ಇದಾದ ಮೇಲೆ ಏನು ಬರುತ್ತೆ ಸಿಸ್ಟರ್? ನೋಡ್ಕೊಂಡವರಿಗೆ? ಅದು ಪುಸ್ತಕದಲ್ಲಿ ಇಲ್ಲ.”

ನರ್ಸು ಯೋಚಿಸಿದರು. ಹೊಸದೊಂದು ಶೀರ್ಷಿಕೆ ಹಾಕು ಅಂದರು, ಅದೇ ಮೂರನೇ ಹಂತದಲ್ಲಿ: ‘ಆರೈಕೆ ಮಾಡಿದವರಿಗೆ’. ಅದರ ಕೆಳಗಿನದನ್ನು ಮನೆಗೆ ಹೋಗಿ ಬರೆದು ಕಳಿಸುತ್ತೇನೆ ಎಂದು ಎದ್ದು ಹೋದರು.

ಕಳಿಸಲಿಲ್ಲ. ಪುಸ್ತಕ ಹೊರಬರುವ ದಿನ ಹತ್ತಿರ ಬಂತು. ದೋಷ ಹುಡುಕುವ ತಂತ್ರಾಂಶಕ್ಕೆ ಕೊಟ್ಟಾಗಲೆಲ್ಲ ಅದು ಒಂದೇ ತಪ್ಪು ತೋರಿಸುತ್ತಿತ್ತು: ಶೀರ್ಷಿಕೆ ಇದೆ, ಕೆಳಗೆ ಏನೂ ಇಲ್ಲ. ಅವಳು ಫೋನ್ ಮಾಡಿದಳು.

“ಬರೆಯೋಕೆ ಕೂತೆ ಕಣಮ್ಮ, ಆಗ್ಲಿಲ್ಲ,” ಅಂದರು ನರ್ಸು. “ನನ್ನ ಡ್ಯೂಟಿ ಅಲ್ಲಿಗೆ ಮುಗೀತಿತ್ತು. ನಾನು ಮುಂದಿನ ಮಂಚಕ್ಕೆ ಹೋಗ್ತಿದ್ದೆ. ಮನೆಯವರು ಏನು ಮಾಡ್ತಿದ್ರು ಅಂತ ನಂಗೆ ಗೊತ್ತಿಲ್ಲ. ನೀನೇ ಬರಿ.”

ತಾನು ಬರೆಯುವವಳಲ್ಲ ಎಂದು ಅವಳು ಹೇಳಿ ನೋಡಿದಳು. ನರ್ಸು ಕೇಳಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅವಳು ಖಾಲಿ ಜಾಗದ ಮುಂದೆ ಕೂತು ಕೀಲಿ ಒತ್ತಿದಳು. ‘ಅಳು ಬಾರದಿರಬಹುದು. ಹಗುರವೂ ಆಗದಿರಬಹುದು. ಔಷಧಿ ಕೊಡುವ ಹೊತ್ತಿಗೆ ಎಚ್ಚರವಾಗುತ್ತದೆ, ಎದ್ದು ಕೂತ ಮೇಲೆ ಮಾಡಲು ಏನೂ ಇರುವುದಿಲ್ಲ. ರುಚಿ ತಿಳಿಯದಿದ್ದರೂ ಊಟ ಮಾಡಿ. ನೀವು ಕಲ್ಲಾಗಿದ್ದೀರಿ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ.’ ಇನ್ನೇನು ಬರೆಯಬೇಕೆಂದು ತೋಚಲಿಲ್ಲ. ತಂತ್ರಾಂಶ ಈ ಸಲ ತಪ್ಪು ತೋರಿಸಲಿಲ್ಲ. ನರ್ಸು ಓದಿ, ಹೀಗೇ ಹೋಗಲಿ ಅಂದರು.

ಪುಸ್ತಕ ಹೊರಬಂದ ವಾರದಲ್ಲಿ ಒಂದು ಸಂಜೆ ಗಂಡ ಟಿವಿಯ ಸದ್ದು ಇಳಿಸಿ, ನೀನು ಮಾಡಿದ ಪುಸ್ತಕ ಎಲ್ಲಿದೆ ಎಂದು ಕೇಳಿದ. ಅವಳು ಅವನ ಫೋನಿಗೆ ಕಳಿಸಿ ಬಟ್ಟೆ ಮಡಿಸತೊಡಗಿದಳು. ಅವನು ಪರಿವಿಡಿ ತೆಗೆದ. ಎಲ್ಲೆಲ್ಲಿ ಬೆರಳಿಟ್ಟನೋ ಅವಳು ನೋಡಲಿಲ್ಲ. ಆಮೇಲೆ ‘ಆರೈಕೆ ಮಾಡಿದವರಿಗೆ’ ತೆರೆದಿದ್ದ ಫೋನನ್ನು ಅವಳತ್ತ ತಿರುಗಿಸಿದ.

“ಇದು ಆ ಸಿಸ್ಟರ್ ಬರೆದಿದ್ದಲ್ಲ,” ಅಂದ. “ನೀನು ಬರೆದಿದ್ದು.”

“ಹ್ಞೂ.”

“ನಂಗೂ ಹೀಗೇ ಇದೆ. ನನ್ನ ಅಮ್ಮ, ನಂಗೇ ಹೀಗಿದ್ರೆ ನೀನು ಏನಂದ್ಕೋತೀಯೋ ಅಂತ ಹೇಳಿರ್ಲಿಲ್ಲ.”

ಅವಳ ಕೈಯಲ್ಲಿ ಅವನದೇ ಅಂಗಿ ಇತ್ತು. ತೋಳು ಮಡಿಸಿ, ಕಾಲರ್ ಸರಿಮಾಡಿ, ಉಳಿದವುಗಳ ಮೇಲಿಟ್ಟಳು. ಹತ್ತಿರ ಹೋಗಿ ಕೂರಬೇಕು ಅನ್ನಿಸಿತೋ, ಕೂರುವುದು ಸರಿಯೆಂದು ತೋರಿತೋ, ಹೋಗಿ ಅವನ ಪಕ್ಕ ಕೂತಳು.

“ಇದರ ಮುಂದೆ ಏನಿದೆ?” ಎಂದು ಅವನು ಕೇಳಿದ.

“ಔಷಧಿ ಹೆಸರುಗಳು. ಎರಡು ಪುಟ.”

ಅವನು ಬೆರಳು ಸರಿಸಿ ಅದನ್ನೂ ಓದತೊಡಗಿದ. ಅವಳೂ ಬಗ್ಗಿ ಓದಿದಳು. ಅರ್ಧದಷ್ಟು ಹೆಸರುಗಳು ಇಬ್ಬರಿಗೂ ಬಾಯಿಪಾಠವಾಗಿದ್ದವು.